ಚಪ್ಪಲಿಯಿಂದ ಕತ್ತರಿಸಿದ ವಾಷರು

ನನ್ನ ಅಂಗಡಿಯ ಮೇಜಿನ ಡ್ರಾಯರಿನಲ್ಲಿ ಹುಕ್ಕು, ಗುಂಡಿ, ಮುರಿದ ಸೂಜಿ, ಸೀಮೆಸುಣ್ಣದ ಚೂರುಗಳ ನಡುವೆ ಹನ್ನೊಂದು ವಾಷರುಗಳಿವೆ. ನಲ್ಲಿಯ ಹೊಟ್ಟೆಯೊಳಗೆ ಕೂರಿಸುವ ಕಪ್ಪು ರಬ್ಬರಿನ ಬಿಲ್ಲೆಗಳು. ಕತ್ರಿಗುಪ್ಪೆಯಲ್ಲಿ ಬ್ಲೌಸ್ ಹೊಲಿದುಕೊಂಡಿರುವವನಿಗೆ ಇವು ಯಾಕಪ್ಪಾ ಎಂದು ನೀವು ಕೇಳಬಹುದು. ನನ್ನ ಗಿರಾಕಿಗಳೂ ಕೇಳಿದ್ದಾರೆ. ಒಬ್ಬ ಹುಡುಗಿಯಂತೂ ಅವನ್ನು ಹೊಸ ಫ್ಯಾಶನ್ನಿನ ಗುಂಡಿಗಳೆಂದುಕೊಂಡು, "ಅಂಕಲ್, ಇದ್ನೇ ಹಿಂದೆ ಮೂರು ಹಾಕ್ಬಿಡಿ, ಸಖತ್ತಾಗಿರತ್ತೆ" ಎಂದಿದ್ದಳು. ಹಾಕಲಿಲ್ಲ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕ. ಮಿಕ್ಕ ವಿಷಯದಲ್ಲಿ ಎಷ್ಟು ಎಂಬುದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಆ ಹನ್ನೊಂದೂ ಅಕ್ಕನ ಮನೆಯ ಅಡುಗೆಮನೆ ನಲ್ಲಿಗೆಂದು ಎರಡು ವರ್ಷದಲ್ಲಿ ಒಂದೊಂದಾಗಿ ಕೊಂಡವು. ಅಕ್ಕ ಇರುವುದು ಕುಮಾರಸ್ವಾಮಿ ಲೇಔಟಿನಲ್ಲಿ. ನನ್ನ ಅಂಗಡಿಯಿಂದ ಗಾಡಿಯಲ್ಲಿ ಹೊರಟರೆ, ಸಿಗ್ನಲ್ ಕರುಣೆ ತೋರಿಸಿದರೆ, ಹದಿನೈದು ನಿಮಿಷ. ಅವಳ ಮನೆಯ ನಲ್ಲಿ ಹಳೇ ಕಾಲದ ಹಿತ್ತಾಳೆಯದು, ಸುತ್ತಿ ಸುತ್ತಿ ಬಿಗಿ ಮಾಡುವ ಜಾತಿಯದು. ಅದು ತೊಟ್ಟಿಕ್ಕಲು ಶುರು ಮಾಡಿದ ದಿನವೇ ಅಕ್ಕ ಫೋನ್ ಮಾಡಿ, "ಬಂದು ನೋಡೋ" ಎಂದಳು. "ಭಾನುವಾರ ಬರ್ತೀನಿ ಅಕ್ಕ" ಎಂದೆ. ಯಾವ ಭಾನುವಾರ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಾಪ, ಅವಳು ಆ ಹನಿಗೇ ಹೊಂದಿಕೊಂಡುಬಿಟ್ಟಳು. ನಲ್ಲಿಯ ಕೆಳಗೆ ಒಂದು ಚೊಂಬು ಇಡುವುದು, ಒಲೆಯ ಮೇಲೆ ಸಾರು ಇಡುವುದು. ಚೊಂಬು ಅರ್ಧ ತುಂಬಿತೆಂದರೆ ಬೇಳೆ ಬೆಂದಿದೆ, ಪೂರ್ತಿ ತುಂಬಿತೆಂದರೆ ಒಗ್ಗರಣೆ ಹಾಕುವ ಹೊತ್ತು. ಕುಕ್ಕರಿನ ವಿಶಲ್ಲಿಗಿಂತ ಇದೇ ಸರಿಯಾದ ಲೆಕ್ಕ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ವಾಷರು ಹಾಕುವುದು ದೊಡ್ಡ ಕೆಲಸವೇನಲ್ಲ. ಹಾಗಾದರೆ ಎರಡು ವರ್ಷ ಯಾಕೆ ಹೋಗಲಿಲ್ಲ? ನಲ್ಲಿಯನ್ನು ಮುಟ್ಟಿದರೆ ಅಕ್ಕ ಕಥೆ ಹೇಳುತ್ತಾಳೆ. ಅದಕ್ಕೆ.

ಅಕ್ಕನ ಹತ್ತಿರ ನನ್ನ ಬಾಲ್ಯದ ಬಗ್ಗೆ ಎರಡು ಕಥೆಗಳಿವೆ. ಮೊದಲನೆಯದು, "ನಮ್ಮ ಶಂಕ್ರ ಒಂಬತ್ತು ವರ್ಷಕ್ಕೇ ವಠಾರದ ನಲ್ಲಿ ರಿಪೇರಿ ಮಾಡ್ದೋನು." ಎರಡನೆಯದು, "ಆ ಹಾಳು ನಾಯಿ ಕರಿಯ ನನ್ನ ಹೊಸ ಚಪ್ಪಲಿ ಕಚ್ಚಿ ಹಾಕ್ಬಿಡ್ತು." ಒಂದು ಮುಗಿದ ತಕ್ಷಣ ಇನ್ನೊಂದು ಬರುತ್ತದೆ. ಮದುವೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ, ಎಲ್ಲರಿಗೂ ಹೇಳಿದ್ದಾಳೆ. ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಇವೆರಡೂ ಒಂದೇ ಕಥೆ ಇರಬಹುದು ಎಂಬ ಅನುಮಾನ ಬಂದಿರಲಿಲ್ಲ.

ಒಂದೇ ಕಥೆ, ನೋಡಿ. ಚಪ್ಪಲಿ ಕತ್ತರಿಸಿದವನು ನಾನು.

ಆಗ ನಾವು ಕತ್ರಿಗುಪ್ಪೆಯ ಒಂದು ವಠಾರದಲ್ಲಿದ್ದೆವು. ಎದುರುಬದುರು ಆರು ಮನೆ, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ; ಸಾಯಂಕಾಲ ಬಿಳಿ ಮೀಸೆ ಹೊತ್ತು ಬಂದು, ಮುಖ ತೊಳೆದಮೇಲೆ ಮತ್ತೆ ಯುವಕನಾಗುತ್ತಿದ್ದ. ವಠಾರದ ಯಜಮಾನಿ ಓನರಜ್ಜಿ. ಅವಳ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ನಲ್ಲಿ ಹಗಲೆಲ್ಲ ತೊಟ್ಟಿಕ್ಕುತ್ತಿತ್ತು. ಜಗಲಿಯ ಮೇಲೆ ಮಲಗಿದ ಅಜ್ಜಿ ಪ್ರತಿ ಹನಿಗೂ ಒಂದು ಬೈಗುಳ ಹಾಕುತ್ತಿದ್ದಳು. ಹನಿ ತಡವಾದರೆ ಬೈಗುಳ ಹಿಡಿದು ಕಾಯುತ್ತಿದ್ದಳು. ಕೊನೆಗೊಂದು ದಿನ ಸಾಕಾಗಿ, "ಈ ನಲ್ಲೀನ ಯಾವೋನು ನಿಲ್ಲಿಸ್ತಾನೋ ಅವನ ಮನೆಗೆ ದಿನಾ ಮೊದಲ್ನೇ ಬಿಂದಿಗೆ" ಎಂದು ಅಂಗಳದ ನಡುವೆ ನಿಂತು ಸಾರಿದಳು.

ಮೊದಲನೇ ಬಿಂದಿಗೆ ಎಂದರೆ ಏನೆಂದು ಈಗಿನವರಿಗೆ ಹೇಗೆ ಹೇಳಲಿ! ನಮ್ಮ ಮನೆಯ ಸರದಿ ಐದನೆಯದು. ಅಷ್ಟು ಹೊತ್ತಿಗೆ ನೀರು ದಾರದಂತೆ ಇಳಿಯುತ್ತಿತ್ತು. ಸರದಿಯಲ್ಲಿ ನಿಲ್ಲುತ್ತಿದ್ದವಳು ಅಕ್ಕ. ಹದಿಮೂರು ವರ್ಷದವಳು, ಏಳನೇ ತರಗತಿ. ಬಿಂದಿಗೆಯ ಕತ್ತಿಗೆ ಕೈ ಹಾಕಿಕೊಂಡು, ನಿಂತಲ್ಲೇ ತೂಕಡಿಸುತ್ತ ಪಾಠ ಬಾಯಿಪಾಠ ಮಾಡುತ್ತಿದ್ದಳು. ಅವಳಿಗಾಗಿಯೇ ನಾನು ಆ ಕೆಲಸಕ್ಕೆ ಇಳಿದದ್ದು. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಇದೊಂದೇ ಮಾತು, ಆದ್ದರಿಂದ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಒಂದು ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಒರಗಿದ್ದಾಗ, ಪೈಪಿನಲ್ಲಿ ಹನಿಯಷ್ಟೇ ನೀರು ಉಳಿದಿದ್ದ ಹೊತ್ತಿನಲ್ಲಿ, ಸೈಕಲ್ ಅಂಗಡಿಯಿಂದ ಸ್ಪ್ಯಾನರ್ ಕೇಳಿ ತಂದು ನಲ್ಲಿಯನ್ನು ಬಿಚ್ಚಿದೆ. ಒಳಗೆ ಅಣಬೆಯಂಥ ಪುಟ್ಟ ಹಿತ್ತಾಳೆ ತುಂಡು. ಅದರ ಬುಡದಲ್ಲಿ ಸವೆದು ಹಪ್ಪಳವಾದ ಒಂದು ರಬ್ಬರು. ಅದೇ ಅಗಲದ ಇನ್ನೊಂದು ರಬ್ಬರು ಬೇಕು. ಸುತ್ತ ನೋಡಿದೆ. ನಮ್ಮ ಬಾಗಿಲ ಪಕ್ಕದಲ್ಲಿ ಅಕ್ಕನ ಹೊಸ ಹವಾಯಿ ಚಪ್ಪಲಿ ಇತ್ತು. ಬಿಳಿ ಅಟ್ಟೆ, ನೀಲಿ ಪಟ್ಟಿ. ಎರಡು ವಾರವೂ ಆಗಿರಲಿಲ್ಲ. ಅಪ್ಪನ ಶೇವಿಂಗ್ ಬ್ಲೇಡು ತಂದು ಎಡಗಾಲಿನದರ ಹಿಮ್ಮಡಿಯಲ್ಲಿ ಒಂದು ಬಿಲ್ಲೆ ಕತ್ತರಿಸಿದೆ. ಎಷ್ಟು ದುಂಡಗೆ ಬಂತೆಂದರೆ, ಮಾಡಿದ್ದು ತಪ್ಪು ಎಂಬುದು ಒಂದು ನಿಮಿಷ ಮರೆತೇಹೋಯಿತು. ನನ್ನ ಜೀವನದ ಮೊದಲ ಕಟಿಂಗ್ ಅದು. ಎಷ್ಟು ರೇಷ್ಮೆ ಕತ್ತರಿಸಿದ್ದೇನೆ ಆಮೇಲೆ, ಅಷ್ಟು ಚೆಂದದ ದುಂಡು ಮತ್ತೆ ಬಂದಿಲ್ಲ.

ನಲ್ಲಿ ನಿಂತಿತು. ಓನರಜ್ಜಿ ಬೈಗುಳ ಬಾಯಲ್ಲೇ ಇಟ್ಟುಕೊಂಡು ಕಾದಳು, ಕಾದಳು, ಹನಿ ಬೀಳಲಿಲ್ಲ. ಎದ್ದು ಬಂದು ನನ್ನ ತಲೆ ಸವರಿದಳು. ಏನು ಹಾಕಿದೆಯೋ ಎಂದು ಅಪ್ಪ ಕೇಳಿದಾಗ "ಸೈಕಲ್ ಟ್ಯೂಬು" ಎಂದೆ. ತೂತು ಬಿದ್ದ ಚಪ್ಪಲಿಯನ್ನು ಮಾತ್ರ ಯಾರೂ ನೋಡದ ಹಾಗೆ ಅಜ್ಜಿಯ ನಾಯಿ ಕರಿಯ ಮಲಗುತ್ತಿದ್ದ ಕಡೆಗೆ ಕಾಲಿನಿಂದ ಸರಿಸಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಎದ್ದರೆ ವಠಾರವೆಲ್ಲ ಗದ್ದಲ. ಕರಿಯನ ಮುಂದೆ ಎರಡೂ ಚಪ್ಪಲಿ! ಒಂದರಲ್ಲಿ ನನ್ನ ತೂತು. ಇನ್ನೊಂದು ಚಿಂದಿ ಚಿಂದಿ. ನನಗೇ ಆಶ್ಚರ್ಯ. ನಾನು ಸರಿಸಿದ್ದು ಒಂದು. ಅದರ ರುಚಿ ಹತ್ತಿ ಕರಿಯ ಇನ್ನೊಂದನ್ನೂ ಎಳೆದುಕೊಂಡು ಬಂದಿರಬೇಕು ಎಂದುಕೊಂಡೆ. ಒಂದು ಚಪ್ಪಲಿಯ ಪಾಪ ನನಗೆ, ಇನ್ನೊಂದರದು ನಾಯಿಗೆ ಎಂದು ಮನಸ್ಸಿನಲ್ಲೇ ಪಾಲು ಮಾಡಿ ಸುಮ್ಮನಾದೆ.

ಕರಿಯನನ್ನು ನುಗ್ಗೆಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಅಮ್ಮ ದಿನಾ ಹಾಕುತ್ತಿದ್ದ ಮುದ್ದೆಯ ಚೂರು ನಿಂತಿತು. ಆಮೇಲೆ ವಠಾರದಲ್ಲಿ ಯಾರ ಚಪ್ಪಲಿ ಕಾಣದಿದ್ದರೂ ಮೊದಲು ಕರಿಯನ ಹತ್ತಿರ ಹೋಗಿ ನೋಡುತ್ತಿದ್ದರು. ಕಟ್ಟಿಹಾಕಿದ ನಾಯಿ ಚಪ್ಪಲಿ ಕದಿಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅಕ್ಕನಿಗೆ ಹೊಸ ಚಪ್ಪಲಿ ಬರಲು ಒಂದು ತಿಂಗಳ ಮೇಲಾಯಿತು. ಪರೀಕ್ಷೆಯ ಮಾರ್ಚ್ ತಿಂಗಳು. ಕಾದ ಟಾರು ರಸ್ತೆಯಲ್ಲಿ ಅವಳು ಒಂದು ಮರದ ನೆರಳಿನಿಂದ ಇನ್ನೊಂದು ಮರದ ನೆರಳಿಗೆ ಓಡಿ, ನಿಂತು, ಮತ್ತೆ ಓಡಿ ಶಾಲೆ ಸೇರುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಂಡು ಹಿಂದೆ ಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ ನನ್ನದನ್ನೂ ಬಿಚ್ಚಿ ಕೈಯಲ್ಲಿ ಹಿಡಿದು ನಡೆದೆ. ಇಪ್ಪತ್ತು ಹೆಜ್ಜೆಗೆ ಸಾಕಾಗಿ ಮತ್ತೆ ಹಾಕಿಕೊಂಡೆ. ನನ್ನ ಪಶ್ಚಾತ್ತಾಪದ ಉದ್ದ ಅಷ್ಟೇ, ಇಪ್ಪತ್ತು ಹೆಜ್ಜೆ. ಹೀಗೆ ಬರಿಗಾಲಿನಲ್ಲೇ ಅವಳು ದಿನಾ ಬೆಳಿಗ್ಗೆ ಮೊದಲನೇ ಬಿಂದಿಗೆ ಹಿಡಿಯುತ್ತಿದ್ದಳು, "ನನ್ ತಮ್ಮ ಮಾಡಿದ್ದು" ಎಂದು ಹೇಳಿಕೊಳ್ಳುತ್ತ.

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟು ಹೊಲಿಗೆ ಕಲಿತೆ. ಕಲಿತ ಅಕ್ಷರದಲ್ಲಿ ಅರ್ಧ ಅಳತೆ ಪುಸ್ತಕಕ್ಕೆ ಖರ್ಚಾಗಿದೆ. ತಪ್ಪೊಪ್ಪಿಗೆ ಬರೆಯುವುದು ಹೇಗೆಂದು ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ನಾನು ಆ ದಿನ ಶಾಲೆಗೆ ಹೋಗಿರುತ್ತಿರಲಿಲ್ಲ.

ಈ ಸಲದ ಆಯುಧಪೂಜೆಗೆ ಅಕ್ಕ ಊಟಕ್ಕೆ ಕರೆದಳು. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಬೆಳಿಗ್ಗೆ ಅಂಗಡಿಯಲ್ಲಿ ಮಿಷನ್ನಿಗೆ, ಕತ್ತರಿಗೆ, ಇಸ್ತ್ರಿ ಪೆಟ್ಟಿಗೆಗೆ ಪೂಜೆ ಮಾಡಿ, ದೀಪ ಹಚ್ಚಿ, ಶಟರ್ ಎಳೆದು ಹೊರಟೆ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆವರೆಗೆ ಮುಟ್ಟುವಂತಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹನ್ನೊಂದು ವಾಷರುಗಳೂ ಡ್ರಾಯರಿನೊಳಗೆ ದೇವರಿಗೆ ಅರ್ಪಣೆಯಾದವು.

ಹೋಳಿಗೆ ಊಟ ಮಾಡಿ ಭಾವ ಮಲಗಿದರು. ಅವರು ನಿವೃತ್ತ ಬಸ್ ಕಂಡಕ್ಟರು. ಮಲಗಿದರೆ ಕೊನೇ ಸ್ಟಾಪ್ ಬರುವವರೆಗೆ ಏಳುವವರಲ್ಲ. ನಾನು ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದೆ. ಅಕ್ಕ ಹೇಳಿದಳು:

"ಸಾಯಂಕಾಲ ಗೊಂಬೆ ನೋಡಕ್ಕೆ ಬೀದಿ ಹೆಂಗಸ್ರೆಲ್ಲಾ ಬರ್ತಾರೆ. ಎಲ್ರೂ ಕೇಳ್ತಾರೆ ಕಣೋ, ನಲ್ಲಿ ರಿಪೇರಿ ಮಾಡೋ ತಮ್ಮನ್ನ ಇಟ್ಕೊಂಡು ಇದೇನ್ರೀ ಹಿಂಗೆ ಅಂತ. ಹೇಳು, ಯಾವಾಗ ಮಾಡ್ತೀಯ?"

"ಇಷ್ಟೇ ತಾನೆ ಅಕ್ಕ? ಬಿಗಿಯಾಗಿ ತಿರುಗಿಸ್ಬೇಕು ಅಷ್ಟೆ" ಎಂದು ಜಂಬದಿಂದ ಮುಷ್ಟಿ ಕಟ್ಟಿ ತಿರುಗಿಸಿದೆ. ಒಳಗೆ ಏನೋ ಪುಡಿಯಾದ ಹಾಗಾಯಿತು. ತೊಟ್ಟಿಕ್ಕುತ್ತಿದ್ದದ್ದು ಸುರಿಯತೊಡಗಿತು. ಎತ್ತ ತಿರುಗಿಸಿದರೂ ಸುರಿಯುತ್ತಿತ್ತು.

"ಅಯ್ಯೋ, ನಿಲ್ಸೋ! ನಾಳೆ ನೀರು ಬಿಡಲ್ಲ ಕಣೋ, ಟ್ಯಾಂಕಲ್ಲಿರೋದೇ ಎಲ್ಲಾ!"

ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ಮುಚ್ಚಿದೆ. ಈಗ ಇಡೀ ಮನೆಗೆ ನೀರಿಲ್ಲ. ಸಂಜೆಗೆ ಇಪ್ಪತ್ತು ಹೆಂಗಸರು. ಪ್ಲಂಬರನಿಗೆ ಫೋನ್ ಮಾಡಿದೆ. "ಟೂಲ್ಸ್ ಎಲ್ಲಾ ದೇವ್ರ ಮುಂದೆ ಐತೆ ಅಂಕಲ್, ನಾಳೆ ಮಧ್ಯಾಹ್ನ" ಎಂದ. ಹಾರ್ಡ್‌ವೇರ್ ಅಂಗಡಿಗಳಿಗೆ ನಡೆದೆ. ಎಲ್ಲದರ ಮುಂದೆಯೂ ಬಾಳೆಕಂದು, ಒಡೆದ ಕುಂಬಳಕಾಯಿ, ಎಳೆದ ಶಟರ್. ಒಂದೇ ಒಂದು ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಹಣೆ ತುಂಬ ಕುಂಕುಮವಿಟ್ಟ ಮಾಲೀಕ ನನ್ನನ್ನು ಕಂಡ ಕೂಡಲೇ ಕಡ್ಲೆಪುರಿ ತುಂಬಿದ ಕವರ್ ಕೈಗೆ ತುರುಕಿದ.

"ಒಂದು ವಾಷರ್ ಬೇಕಿತ್ತು ಸಾರ್."

"ಸ್ವೀಟೂ ಇದೆ ತಗೊಳ್ಳಿ ಸಾರ್. ವಾಷರ್ ನಾಳೆ. ಪೂಜೆ ಆಗೋಗಿದೆ, ಇವತ್ತು ಏನೂ ಎತ್ತಿ ಕೊಡಲ್ಲ."

"ಅಷ್ಟು ಚಿಕ್ಕದು ಸಾರ್, ದೇವ್ರಿಗೆ ಗೊತ್ತಾಗಲ್ಲ."

"ದೇವ್ರಿಗೆ ಗೊತ್ತಾಗಲ್ಲ ಸಾರ್, ಒಳಗೆ ನಮ್ಮಮ್ಮ ಇದಾರೆ."

ವಾಷರು ತರಲು ಹೋದವನು ಕಡ್ಲೆಪುರಿ ಹಿಡಿದು ಬಂದದ್ದನ್ನು ನೋಡಿ ಅಕ್ಕನಿಗೆ ನಗು. ಸಿಟ್ಟು ಬರಬೇಕಾದ ಕಡೆ ನಗು ಬರುವುದು ನಮ್ಮ ಮನೆತನದ ರೋಗ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಕಡ್ಲೆಪುರಿ ತಿನ್ನತೊಡಗಿದೆವು.

"ಆವಾಗೇನೋ ಸೈಕಲ್ ಟ್ಯೂಬ್ ಹಾಕಿದ್ಯಲ್ಲ, ಅದನ್ನೇ ಹಾಕು. ಮೇಲಿನ ಮನೆ ಹುಡುಗನ್ ಹತ್ರ ಹಳೇ ಟ್ಯೂಬ್ ಇರತ್ತೆ."

"ಟ್ಯೂಬು ತೆಳು ಅಕ್ಕ. ನಿಲ್ಲಲ್ಲ."

"ಆವಾಗ ನಿಂತಿತ್ತಲ್ಲ?"

ಕಡ್ಲೆಪುರಿಯ ಕವರ್ ಪಕ್ಕಕ್ಕಿಟ್ಟೆ. ಹಿತ್ತಲ ಬಾಗಿಲ ಬಳಿ ಇದ್ದ ಭಾವನ ಹವಾಯಿ ಚಪ್ಪಲಿಯತ್ತ ಬೆರಳು ತೋರಿಸಿದೆ. "ಅಂಥದ್ರಲ್ಲಿ ಆಗತ್ತೆ."

ಅಕ್ಕ ಚಪ್ಪಲಿ ತಂದಳು. ಕತ್ತರಿಸಲು ಏನಿದೆ ಎಂದು ನೋಡಿದರೆ, ಚಾಕುವಿಗೆ ಕುಂಕುಮ, ಈಳಿಗೆಮಣೆಗೆ ಕುಂಕುಮ, ಕತ್ತರಿಗೆ ಕುಂಕುಮ. ಭಾವನ ಸ್ಪ್ಯಾನರ್ ಸೆಟ್ಟು, ಅವರ ಹಳೇ ಕಂಡಕ್ಟರ್ ಪೀಪಿಯ ಜೊತೆ, ದೇವರ ಮುಂದೆ ಹೂ ಮುಡಿದು ಕೂತಿತ್ತು. ಅಕ್ಕ ದೇವರ ಕಡೆ ಕೈ ಮುಗಿದು, "ಇದು ಕೆಲಸ ಅಲ್ಲಪ್ಪಾ, ಆಪತ್ತು" ಎಂದು ಹೇಳಿ, ಒಂದು ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ನನಗೆ ಕೊಟ್ಟಳು. ಬಚ್ಚಲಲ್ಲಿ ಭಾವನ ಶೇವಿಂಗ್ ಬ್ಲೇಡು ಸಿಕ್ಕಿತು. ಅದೊಂದಕ್ಕೆ ಪೂಜೆ ಮಾಡಲು ಮರೆತಿದ್ದರು.

ನಲ್ಲಿ ಬಿಚ್ಚಿ, ಒಳಗಿನ ಅಣಬೆಯನ್ನು ಚಪ್ಪಲಿಯ ಹಿಮ್ಮಡಿಯ ಮೇಲೆ ಒತ್ತಿ ಗುರುತು ಮಾಡಿದೆ. ಅಕ್ಕ ಎರಡೂ ಕೈಯಿಂದ ಚಪ್ಪಲಿಯನ್ನು ಅಲುಗಾಡದಂತೆ ಹಿಡಿದಳು. ನಾನು ಬ್ಲೇಡು ಸುತ್ತಿಸಿದೆ.

"ಎಷ್ಟು ರೌಂಡಾಗಿ ಬರತ್ತೋ ನಿಂಗೆ! ಚಪ್ಪಲಿ ಕತ್ತರಿಸೇ ಕೈ ಕುದುರಿರೋ ಹಾಗಿದೆ."

ಅಷ್ಟೇ. ನನ್ನ ಕೈ ನಿಂತುಬಿಟ್ಟಿತು. ನಲವತ್ತೈದು ವರ್ಷ ಬಿಗಿಯಾಗಿ ತಿರುಗಿಸಿಟ್ಟಿದ್ದು ಒಳಗೆ ಎಲ್ಲೋ ಪುಡಿಯಾಯಿತು.

"ಅಕ್ಕ, ಆವತ್ತು ಹಾಕಿದ್ದು ಟ್ಯೂಬ್ ಅಲ್ಲ. ನಿನ್ ಚಪ್ಪಲಿ."

"ಯಾವ ಚಪ್ಪಲಿ?"

"ನೀಲಿ ಪಟ್ಟೀದು. ಎಡಗಾಲಿಂದು. ಕರಿಯ ಅಲ್ಲ, ನಾನು. ನಾನೇ ಕತ್ತರಿಸಿ ಅದರ ಹತ್ರ ತಳ್ಳಿದ್ದು. ನೀನು ಬಿಸಿಲಲ್ಲಿ..." ಬೈಯಲಿ ಎಂದು ತಲೆ ತಗ್ಗಿಸಿ ಕೂತೆ. ಬೈಯಲಿಲ್ಲ. ತಲೆ ಎತ್ತಿ ನೋಡಿದರೆ, ಅಕ್ಕನ ಮುಖ ನಾನು ಎಂದೂ ಕಾಣದ ರೀತಿಯಲ್ಲಿ ಪೆಚ್ಚಾಗಿತ್ತು.

"ಆ ತೂತು ಕರಿಯ ಮಾಡಿದ್ದಲ್ವಾ?"

"ಅಲ್ಲ. ಆದ್ರೆ ಇನ್ನೊಂದು ಚಪ್ಪಲಿ ಮಾತ್ರ ಅದೇ ಕಚ್ಚಿದ್ದು, ದೇವ್ರಾಣೆ ನಾನಲ್ಲ."

"ಅದು ನಾನು ಕಣೋ," ಎಂದಳು ಅಕ್ಕ.

ನನಗೆ ಅರ್ಥವಾಗಲಿಲ್ಲ.

"ಬೆಳಿಗ್ಗೆ ನೀರಿಗೆ ಎದ್ದಾಗ ನೋಡ್ದೆ, ಕರಿಯನ್ ಹತ್ರ ಬಿದ್ದಿತ್ತು, ಹಿಮ್ಮಡೀಲಿ ತೂತು. ಅದೇ ಕಚ್ಚಿರೋದು ಅಂದ್ಕೊಂಡೆ. ಅಷ್ಟಕ್ಕೆ ಅಪ್ಪ ಹೊಸದು ಕೊಡಿಸ್ತಿರ್ಲಿಲ್ಲ, ತೇಪೆ ಹಾಕಿಸಿ ಕೊಡ್ತಿದ್ರು. ನಂಗೆ ಆ ಹವಾಯಿ ಚಪ್ಪಲೀನೇ ಬೇಡವಾಗಿತ್ತು. ಕ್ಲಾಸಲ್ಲಿ ಒಬ್ಳು ಹಿಮ್ಮಡಿ ಎತ್ತರ ಇರೋದು ಹಾಕ್ಕೊಂಡು ಟಕ್ ಟಕ್ ಅಂತ ಬರ್ತಿದ್ಲು. ಹೇಗೂ ಒಂದು ಕಚ್ಚಿದೆ, ಇನ್ನೊಂದೂ ಕಚ್ಚಲಿ ಅಂತ ಅದರ ಮುಂದೆ ಇಟ್ಟೆ."

"ಕಚ್ಚಿತಾ?"

"ಎಲ್ಲಿ ಕಚ್ತು! ಮೂಸಿ ಮುಖ ತಿರುಗಿಸ್ತು. ಹಿಂದಿನ ದಿನದ ಸಾರಿನ ಚರಟ ಸವರಿ ಇಟ್ಟೆ. ಚಪ್ಪಲೀನ ಚೆನ್ನಾಗ್ ನೆಕ್ಕಿ, ತೊಳೆದ ಹಾಗೆ ಮಾಡಿ, ಬಾಲ ಅಲ್ಲಾಡಿಸ್ತು. ಕೊನೆಗೆ ನಾನೇ ಈಳಿಗೆಮಣೇಲಿ..." ಅಕ್ಕ ಕೈಯಲ್ಲಿ ಹರಿಯುವ ಅಭಿನಯ ಮಾಡಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಹಾಗಾದ್ರೆ ಕರಿಯ..."

"ಏನೂ ಮಾಡ್ಲಿಲ್ಲ."

ಮೊದಲು ನಕ್ಕವರು ಯಾರೋ ನೆನಪಿಲ್ಲ. ಅಕ್ಕ ನಗುತ್ತ ನಗುತ್ತ ಸಿಂಕಿನ ಕೆಳಗಿನ ಬಾಗಿಲಿಗೆ ಒರಗಿದಳು. ನಾನು ಕಡ್ಲೆಪುರಿಯ ಮೇಲೆ ಮಗುಚಿದೆ. ನಗು ಇನ್ನೇನು ನಿಂತಿತು ಎನ್ನುವಾಗ ಅವಳು "ಬಾಲ ಅಲ್ಲಾಡಿಸ್ತು" ಎನ್ನುವಳು, ಮತ್ತೆ ಶುರು. ನಾನು ಬರಿಗಾಲಿನ ಮಾತೆತ್ತಿದೆ. ಅವಳು ಕಣ್ಣೊರೆಸಿಕೊಂಡು, "ಕಾಲು ಸುಟ್ಟಾಗೆಲ್ಲ ಸರಿಯಾಗೇ ಆಯ್ತು ನಂಗೆ ಅಂದ್ಕೋತಿದ್ದೆ ಕಣೋ. ನಿನ್ ಮುಖ ನೋಡಿದ್ರೆ, ನಿಂಗೆ ಗೊತ್ತಾಗೋಗಿದೆ, ಅಪ್ಪಂಗೆ ಹೇಳ್ಬಿಡ್ತೀಯ ಅಂತ ಬೇರೆ ಹೆದರಿಕೆ. ಅದಕ್ಕೇ ಎಲ್ರ ಹತ್ರಾನೂ ನಿನ್ನ ಅಷ್ಟು ಹೊಗಳ್ತಿದ್ದಿದ್ದು" ಎಂದಳು.

ಇಷ್ಟು ವರ್ಷ ನನ್ನ ಎದೆ ಚುಚ್ಚಿದ ಹೊಗಳಿಕೆ ಒಂದು ಲಂಚವಾಗಿತ್ತು! ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ಆದರೆ ನೋಡಿ, ಆ ಸಂತೋಷದ ತಳದಲ್ಲಿ ನುಗ್ಗೆಮರದ ಕೆಳಗೆ ಒಂದು ಸರಪಳಿ ಸದ್ದು ಮಾಡುತ್ತಿತ್ತು. ಅಕ್ಕನಿಗೂ ಕೇಳಿಸಿತೆಂದು ಕಾಣುತ್ತದೆ. ಅವಳು ಚಪ್ಪಲಿಯನ್ನು ಮತ್ತೆ ಬಿಗಿಯಾಗಿ ಹಿಡಿದಳು, ನಾನು ಬ್ಲೇಡು ಎತ್ತಿಕೊಂಡು ಉಳಿದ ಸುತ್ತು ಮುಗಿಸಿದೆ.

ಬಿಲ್ಲೆ ದಪ್ಪವಾಗಿತ್ತು. ಅಡ್ಡಲಾಗಿ ಸೀಳಿ ಅರ್ಧ ಮಾಡಿ ಕೂರಿಸಿದೆ. ತಾರಸಿಗೆ ಹೋಗಿ ವಾಲ್ವ್ ತೆರೆದೆ. ಇಳಿದು ಬರುವಷ್ಟರಲ್ಲಿ ಅಕ್ಕ ನಲ್ಲಿಯ ಕೆಳಗೆ ಬರಿಯ ಅಂಗೈ ಹಿಡಿದು ನಿಂತಿದ್ದಳು. ಒಂದು ಹನಿಯೂ ಇಲ್ಲ. "ಇನ್ಮೇಲೆ ಸಾರಿಗೆ ಒಗ್ಗರಣೆ ಯಾವಾಗ ಹಾಕ್ಬೇಕೋ ಏನೋ" ಎಂದಳು. ಸ್ಪ್ಯಾನರನ್ನು ಒರೆಸಿ, ದೇವರ ಮುಂದೆ ಇಟ್ಟು, ಕುಂಕುಮವನ್ನು ಇದ್ದ ಜಾಗದಲ್ಲೇ ಹಚ್ಚಿದಳು.

ಅಷ್ಟರಲ್ಲಿ ಭಾವನ ಕೊನೇ ಸ್ಟಾಪ್ ಬಂತು. ಹಿತ್ತಲ ಬಾಗಿಲಿನಿಂದ ಕೂಗಿದರು:

"ಲೇ, ನನ್ ಚಪ್ಪಲಿ ಒಂದೇ ಇದೆಯಲ್ಲೇ! ಇನ್ನೊಂದೆಲ್ಲಿ?"

ತೂತು ಬಿದ್ದ ಚಪ್ಪಲಿ ನನ್ನ ಕೈಯಲ್ಲೇ ಇತ್ತು. ಅಡುಗೆಮನೆಯ ಕಿಟಕಿಯಾಚೆ, ಗೇಟಿನ ಬಳಿ, ಬೀದಿಯ ಕಂದು ನಾಯಿಯೊಂದು ಹಾಯಾಗಿ ಮಲಗಿತ್ತು. ಅಕ್ಕನ ಕಣ್ಣು ಅದರ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು. ನಿಜ ಹೇಳುತ್ತೇನೆ, ಹೋಯಿತು. ಅಕ್ಕ ಬಾಯಿ ತೆರೆದಳು.

"ನಾನೇ ಭಾವ!" ಎಂದು ಅವಳಿಗಿಂತ ಮೊದಲು ಕೂಗಿಬಿಟ್ಟೆ. "ನಾನೇ ಕತ್ತರಿಸಿದ್ದು. ನಲ್ಲಿಗೆ."

ಭಾವ ಬಂದು ಚಪ್ಪಲಿಯನ್ನು ತೆಗೆದುಕೊಂಡು, ತೂತಿಗೆ ಕಣ್ಣಿಟ್ಟು ನನ್ನನ್ನು ನೋಡಿದರು. ಆಮೇಲೆ ನಲ್ಲಿಯನ್ನು ನೋಡಿದರು.

"ನಿಂತಿದೆಯೇನೋ?"

"ನಿಂತಿದೆ ಭಾವ."

"ಎರಡು ವರ್ಷ ಆದ್ಮೇಲೆ!" ಹಿತ್ತಲ ಬಾಗಿಲಿಗೆ ಹೋಗಿ ಇನ್ನೊಂದು ಚಪ್ಪಲಿಯನ್ನೂ ತಂದು ನನ್ನ ಕೈಯಲ್ಲಿಟ್ಟರು. "ಇದೊಂದ್ ಇಟ್ಕೊಂಡು ನಾನೇನು ಕುಂಟೋ ಬಿಲ್ಲೆ ಆಡ್ಲಾ? ತಗೋ, ಬಚ್ಚಲು ನಲ್ಲೀನೂ ತೊಟ್ಟಿಕ್ತಿದೆ."

ಬಚ್ಚಲ ನಲ್ಲಿಗೂ ಹಾಕಿ ಹೊರಗೆ ಬಂದರೆ, ಅಕ್ಕ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಅಂಗೈ ಮೇಲೆ ತುಪ್ಪ ಸುರಿದ ಒಂದು ಹೋಳಿಗೆ.

"ಕರಿಯಾ, ಬಾರೋ. ಬಾ, ಬಾ."

ನಾಯಿ ಕಂದು ಬಣ್ಣದ್ದು. ಅದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ತಲೆ ಎತ್ತಿ ಅವಳನ್ನು ನೋಡಿತು, ನನ್ನನ್ನು ನೋಡಿತು. ಎದ್ದು ಬಂತು.